ಬಳ್ಳಾರಿಯ ಒಂದು ಕೀಲುನೋವಿನ ಎಣ್ಣೆ ಮತ್ತು ಅದರ ‘ಪರೀಕ್ಷಿತ’ ಎಂಬ ಚೀಟಿ

ಬಳ್ಳಾರಿಯ ಕೌಲ್ ಬಜಾರಿನ ಕಡೆಗೆ ಹೋಗುವ ದಾರಿಯಲ್ಲಿ ಎರಡು ತಲೆಮಾರಿನಿಂದ ನಡೆದುಕೊಂಡು ಬಂದಿರುವ ಒಂದು ಗಿಡಮೂಲಿಕೆ ಅಂಗಡಿಯಿದೆ. ಮೊಣಕಾಲು, ಸೊಂಟ, ಕತ್ತಿನ ನೋವಿಗೆ ಹಚ್ಚುವ ಒಂದು ಎಣ್ಣೆ ಮತ್ತು ಅದೇ ನೋವಿಗೆ ಹೊಟ್ಟೆಗೆ ತೆಗೆದುಕೊಳ್ಳುವ ಒಂದು ಚೂರ್ಣ ಇಲ್ಲಿನ ಹೆಸರಾಂತ ಸರಕುಗಳು. ಸಿರುಗುಪ್ಪ, ಕಂಪ್ಲಿ, ಗಂಗಾವತಿ ಕಡೆಯಿಂದಲೂ ಜನ ಬಂದು ಕೊಂಡೊಯ್ಯುತ್ತಾರೆ. ಇತ್ತೀಚೆಗೆ ಎಣ್ಣೆಯ ಬಾಟಲಿಗೆ ಹೊಸ ಚೀಟಿ ಅಂಟಿಸಿದ್ದಾರೆ. ‘ಮರುಭೂಮಿಯ ಕಾಡುಗಿಡಗಳಿಂದ ತಯಾರಿಸಿದ್ದು, ಉರಿಯೂತ ಶಮನ ಗುಣ ಪ್ರಯೋಗಾಲಯದಲ್ಲಿ ಪರೀಕ್ಷಿತ’ ಎಂದು ಅದರಲ್ಲಿ ಅಚ್ಚಾಗಿದೆ. ಹಳೆಯ ಚೀಟಿಯಿದ್ದಾಗ 180 ರೂಪಾಯಿಗೆ ಸಿಗುತ್ತಿದ್ದ 100 ಮಿಲಿಲೀಟರ್ ಬಾಟಲಿಗೆ ಈಗ 280 ರೂಪಾಯಿ. ಒಳಗಿರುವುದು ಅದೇ ಎಣ್ಣೆ ಎಂದು ಅಂಗಡಿಯವರೇ ಹೇಳುತ್ತಾರೆ. ಹಾಗಾದರೆ ಹೆಚ್ಚಿನ ನೂರು ರೂಪಾಯಿಯನ್ನು ಗಿರಾಕಿ ಕೊಡುತ್ತಿರುವುದು ‘ಪರೀಕ್ಷಿತ’ ಎಂಬ ಆ ಒಂದು ಮಾತಿಗೆ. ಫಾರ್ಮಸಿ ಕಾಲೇಜಿನಲ್ಲಿ ಔಷಧೀಯ ಸಸ್ಯಗಳ ಪಾಠ ಹೇಳುವ ನನಗೆ ಆ ಮಾತಿನ ಹಿಂದೆ ಏನಿದೆ ಎಂದು ತಿಳಿಯಬೇಕಿತ್ತು. ವರದಿಯನ್ನು ಕೇಳಿದೆ, ಯಾವ ಸಂಕೋಚವೂ ಇಲ್ಲದೆ ಅದರ ಜೆರಾಕ್ಸ್ ಪ್ರತಿಯನ್ನು ಕೈಗಿತ್ತರು. ಹಾಗಾಗಿ ಈ ವಿಮರ್ಶೆ ಎಣ್ಣೆ, ಚೂರ್ಣ, ಅಂಗಡಿಗಳ ಜೊತೆಗೆ ಆ ವರದಿಯನ್ನೂ ಕುರಿತದ್ದು.

ಮೊದಲು ಅಂಗಡಿಯ ಬಗ್ಗೆ, ಏಕೆಂದರೆ ಇಲ್ಲಿ ಮೆಚ್ಚಬೇಕಾದ್ದು ಬಹಳ ಇದೆ. ಸರಕನ್ನು ಗೋಣಿಚೀಲದಲ್ಲಿ ಬಾಯಿ ತೆರೆದು ಇಡದೆ ಮುಚ್ಚಳವಿರುವ ಡಬ್ಬಗಳಲ್ಲಿ ಇಡುತ್ತಾರೆ. ಪ್ರತಿ ಡಬ್ಬದ ಮೇಲೂ ಗಿಡದ ಕನ್ನಡ ಹೆಸರು ಮತ್ತು ಸರಕು ಬಂದ ತಿಂಗಳನ್ನು ಬರೆದಿರುತ್ತಾರೆ. ನೆಗ್ಗಿಲು ಕೇಳಿದರೆ ‘ಸಣ್ಣದೋ, ಆನೆನೆಗ್ಗಿಲೋ’ ಎಂದು ತಿರುಗಿ ಕೇಳುತ್ತಾರೆ. ಇದು ಸಣ್ಣ ವಿಷಯವಲ್ಲ. ನೆಲಕ್ಕೆ ಹರಡಿ ಬೆಳೆಯುವ ಟ್ರಿಬ್ಯುಲಸ್ ಟೆರೆಸ್ಟ್ರಿಸ್ ಒಂದು ಸಸ್ಯ, ದೊಡ್ಡ ಕಾಯಿಯ ಪೆಡಾಲಿಯಮ್ ಮ್ಯೂರೆಕ್ಸ್ ಬೇರೆಯೇ ಕುಟುಂಬದ ಇನ್ನೊಂದು ಸಸ್ಯ, ಮತ್ತು ಅನೇಕ ಅಂಗಡಿಗಳಲ್ಲಿ ಎರಡೂ ಒಂದೇ ಚೀಲದಲ್ಲಿ ಬೆರೆತಿರುತ್ತವೆ. ನಾನು ಕೊಂಡ ಮಂಗರವಳ್ಳಿ, ಲಕ್ಕಿ, ನೆಗ್ಗಿಲುಗಳನ್ನು ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಮೂರೂ ಹೆಸರಿಗೆ ತಕ್ಕ ಸಸ್ಯಗಳೇ ಆಗಿದ್ದವು, ಮಣ್ಣು ಮತ್ತು ಬೇರೆ ಕಸ ಕಡಿಮೆ ಇತ್ತು. ಮೊದಲ ಸಲ ಎಣ್ಣೆ ಕೊಂಡಾಗ ಅಂಗಡಿಯ ಹಿರಿಯರು, ‘ಇದು ಮ್ಯಾಲೆ ಹಚ್ಚೋದ್ರಿ ಮೇಡಂ, ಗಾಯ ಇದ್ದಲ್ಲಿ ಹಚ್ಚಬ್ಯಾಡ್ರಿ, ಸಣ್ಣ ಹುಡುಗ್ರ ಕೈಗೆ ಸಿಗದಂಗ ಇಡ್ರಿ’ ಎಂದು ಕೇಳದೆಯೇ ಹೇಳಿದರು. ಇಷ್ಟು ಎಚ್ಚರಿಕೆಯ ಮಾತು ದೊಡ್ಡ ದೊಡ್ಡ ಔಷಧಿ ಅಂಗಡಿಗಳಲ್ಲೂ ಅಪರೂಪ.

‘ಮರುಭೂಮಿಯ ಗಿಡ’ ಎಂಬ ಮಾತನ್ನು ಮಾತ್ರ ಒಪ್ಪುವುದು ಕಷ್ಟ. ಬಳ್ಳಾರಿ, ಕೊಪ್ಪಳ, ರಾಯಚೂರು ಮಳೆ ಕಡಿಮೆಯಿರುವ ಒಣ ಬಯಲು, ಮರುಭೂಮಿಯಲ್ಲ. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಥಾರ್ ಮರುಭೂಮಿಯ ಜೈಸಲ್ಮೇರಿನಲ್ಲಿ 200 ಮಿಲಿಮೀಟರ್ ಆದರೂ ಹೆಚ್ಚು. ಆದರೆ ಎರಡೂ ಕಡೆ ಬೆಳೆಯುವ ಗಿಡಗಳು ಹಲವಿವೆ ಎಂಬುದು ನಿಜ. ನಾವು ದಸರಾಕ್ಕೆ ಪೂಜಿಸುವ ಬನ್ನಿಯೇ ರಾಜಸ್ಥಾನದ ರಾಜ್ಯವೃಕ್ಷವಾದ ಖೇಜ್ರಿ. ನೆಗ್ಗಿಲು, ಎಕ್ಕೆ, ಇಂಗಳಾರ ಅಲ್ಲಿಯೂ ಇವೆ, ಸಂಡೂರು ಗುಡ್ಡಗಳ ತಪ್ಪಲಲ್ಲೂ ಇವೆ. ಇನ್ನು ನಾಡೆಲ್ಲ ಬಳ್ಳಾರಿ ಜಾಲಿ ಎಂದು ಕರೆಯುವ ಮರವಂತೂ ಈ ಊರಿನದೇ ಅಲ್ಲ. ಅಮೆರಿಕ ಖಂಡದ ಒಣನಾಡುಗಳಿಂದ ತಂದು ನೆಟ್ಟದ್ದು. ಒಣನೆಲದ ಗಿಡಗಳ ಮೇಲೆ ಸಂಶೋಧಕರಿಗೆ ಆಸಕ್ತಿ ಇರುವುದಕ್ಕೆ ಸಕಾರಣವಿದೆ. ಬಿಸಿಲು, ನೀರಿನ ಕೊರತೆ, ಮೇಯುವ ದನ ಮತ್ತು ಹುಳುಗಳ ಕಾಟ ಇವುಗಳನ್ನು ತಾಳಿಕೊಳ್ಳಲು ಇಂಥ ಗಿಡಗಳು ಅಂಟು, ಹಾಲು, ಟ್ಯಾನಿನ್, ಫಿನಾಲಿಕ್ ಸಂಯುಕ್ತಗಳನ್ನು ತಮ್ಮೊಳಗೆ ಕೂಡಿಸಿಕೊಳ್ಳುತ್ತವೆ, ಮತ್ತು ಇವುಗಳಲ್ಲಿ ಕೆಲವು ನಮ್ಮ ದೇಹದ ಉರಿಯೂತದ ಹಾದಿಗಳನ್ನು ತಡೆಯಬಲ್ಲವು. ಆದರೆ ಅದೇ ರಕ್ಷಣೆಯ ಸಂಯುಕ್ತಗಳೇ ವಿಷವೂ ಆಗಬಹುದು. ಅಮೆರಿಕದ ಮರುಭೂಮಿಯ ಚಾಪರಾಲ್ ಎಂಬ ಪೊದೆಯನ್ನು ಉರಿಯೂತಕ್ಕೆ ಒಳ್ಳೆಯದೆಂದು ಕಷಾಯ, ಮಾತ್ರೆಗಳ ರೂಪದಲ್ಲಿ ಮಾರುತ್ತಿದ್ದರು. ಸೇವಿಸಿದವರ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಬಂದ ಮೇಲೆ 1992ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು. ಹಾಗಾಗಿ ‘ಕಾಡುಗಿಡ’ ಎಂದಾಕ್ಷಣ ಸೌಮ್ಯ ಎಂದೂ, ‘ಮರುಭೂಮಿ’ ಎಂದಾಕ್ಷಣ ಪ್ರಬಲ ಎಂದೂ ತಿಳಿಯುವಂತಿಲ್ಲ.

ಎಣ್ಣೆಯ ಚೀಟಿಯಲ್ಲಿ ಘಟಕಗಳ ಪಟ್ಟಿ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ತಿಂಗಳು ಎಲ್ಲವೂ ಇವೆ. ಲಕ್ಕಿ ಎಲೆ, ಎಕ್ಕೆ ಎಲೆ, ಮಂಗರವಳ್ಳಿ, ಔಡಲದ ಬೇರು, ತಂಗಡಿ ತೊಗಟೆ, ರಾಸ್ನೆ, ಎಳ್ಳೆಣ್ಣೆ, ಕೊನೆಯಲ್ಲಿ ಕರ್ಪೂರ ಮತ್ತು ಗಂಧಪುರ ತೈಲ (ವಿಂಟರ್‌ಗ್ರೀನ್ ಎಣ್ಣೆ). ಸೊಪ್ಪು, ಬೇರುಗಳ ಕಲ್ಕವನ್ನೂ (ಅರೆದ ಮುದ್ದೆ) ಕಷಾಯವನ್ನೂ ಎಳ್ಳೆಣ್ಣೆಗೆ ಹಾಕಿ, ನೀರಿನಂಶ ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ, ಆರಿದ ಮೇಲೆ ಕರ್ಪೂರ ಮತ್ತು ಗಂಧಪುರ ತೈಲ ಸೇರಿಸುತ್ತಾರೆ ಎಂದು ಅಂಗಡಿಯವರು ವಿವರಿಸಿದರು. ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ದ್ರವ ಹದಿನಾರು ಪಾಲು ಎಂಬ ಶಾಸ್ತ್ರದ ತೈಲಪಾಕದ ಕ್ರಮ ಇದೇ. ಬಾಟಲಿಯ ಎಣ್ಣೆ ತಿಳಿಯಾಗಿದೆ, ತಳದಲ್ಲಿ ಗಸಿ ಇಲ್ಲ, ಕಮಟು ವಾಸನೆ ಇಲ್ಲ, ಬಿಸಿ ಮಾಡಿದರೆ ಚಟಪಟ ಸದ್ದಿಲ್ಲ. ಅಂದರೆ ಪಾಕ ಹದವಾಗಿ ಬಂದಿದೆ, ನೀರು ಉಳಿದಿಲ್ಲ.

ಪಟ್ಟಿಯಲ್ಲಿನ ರಾಸ್ನೆಯ ಬಗ್ಗೆ ಒಂದು ಪ್ರಶ್ನೆ ಕೇಳಲೇಬೇಕಿತ್ತು. ಉತ್ತರ ಭಾರತದ ಮರಳುಭೂಮಿಗಳಲ್ಲಿ ಬೆಳೆಯುವ ಪ್ಲುಚಿಯಾ ಲ್ಯಾನ್ಸಿಯೊಲಾಟಾ ಅಲ್ಲಿನ ರಾಸ್ನೆ. ದಕ್ಷಿಣದಲ್ಲಿ ಆ ಹೆಸರಿನಲ್ಲಿ ದುಂಪರಾಸ್ಮೆ, ಅಂದರೆ ಶುಂಠಿಯ ಕುಟುಂಬದ ಗೆಡ್ಡೆಯನ್ನು ಕೊಡುತ್ತಾರೆ. ಎರಡರ ರಾಸಾಯನಿಕ ಅಂಶಗಳು ಬೇರೆಬೇರೆ. ಇವರು ಹಾಕುವುದು ದುಂಪರಾಸ್ಮೆ. ಅದರಲ್ಲಿ ತಪ್ಪಿಲ್ಲ, ಆದರೆ ಅದು ನೆರಳು ಮತ್ತು ತೇವದಲ್ಲಿ ಬೆಳೆಯುವ ಗಿಡ, ಮರುಭೂಮಿಯದೂ ಅಲ್ಲ, ಕಾಡಿನದೂ ಅಲ್ಲ. ಚೀಟಿಯಲ್ಲಿ ಸಸ್ಯಶಾಸ್ತ್ರದ ಹೆಸರನ್ನೂ ಅಚ್ಚು ಹಾಕಿದರೆ ಈ ಗೊಂದಲಕ್ಕೆ ಎಡೆಯಿರುವುದಿಲ್ಲ.

ಎಣ್ಣೆಯನ್ನು ನಮ್ಮ ಮನೆಯಲ್ಲಿ ಅವ್ವ ಬಳಸಿದರು. ಅವರಿಗೆ ಎರಡೂ ಮೊಣಕಾಲಿನಲ್ಲಿ ವಯಸ್ಸಿನ ಸವೆತದ ನೋವಿದೆ. ಒಂದು ಬಾಟಲಿಗೆ ಈ ಎಣ್ಣೆಯನ್ನೂ ಇನ್ನೊಂದಕ್ಕೆ ಬರೀ ಎಳ್ಳೆಣ್ಣೆಗೆ ಅಷ್ಟೇ ವಾಸನೆ ಬರುವಷ್ಟು ಕರ್ಪೂರ ಮತ್ತು ಗಂಧಪುರ ತೈಲ ಬೆರೆಸಿ ಹಾಕಿ, ಯಾವುದು ಯಾವುದೆಂದು ಹೇಳದೆ, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಎಂದು ಹಚ್ಚಿಕೊಳ್ಳಲು ಕೊಟ್ಟೆ. ಮಧ್ಯದಲ್ಲಿ ಬಾಟಲಿಗಳನ್ನು ಅದಲುಬದಲು ಮಾಡಿದೆ. ಬಿಸಿ ಮಾಡಿ ಹಚ್ಚಿ, ತಿಕ್ಕಿ, ಬಟ್ಟೆಯಿಂದ ಶಾಖ ಕೊಟ್ಟುಕೊಂಡ ರಾತ್ರಿಗಳಲ್ಲಿ ಎರಡೂ ಕಾಲಿಗೆ ಹಿತವೆನಿಸಿತು, ನಿದ್ದೆ ಚೆನ್ನಾಗಿ ಬಂತು. ಎರಡು ಎಣ್ಣೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ಅವರು ಗುರುತಿಸಲಿಲ್ಲ, ಅಳತೆಪಟ್ಟಿಗೂ ಊತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಬ್ಬರ ಅನುಭವದಿಂದ ಎಣ್ಣೆಯ ಗುಣ ಸಾಬೀತೂ ಆಗುವುದಿಲ್ಲ, ಸುಳ್ಳೂ ಆಗುವುದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಆದರೆ ಹಚ್ಚಿದ ಐದೇ ನಿಮಿಷದಲ್ಲಿ ಸಿಗುವ ಆ ತಂಪು-ಬಿಸಿಯ ಹಿತಕ್ಕೆ ಲಕ್ಕಿಯೋ ಎಕ್ಕೆಯೋ ಕಾರಣವಾಗಿರುವ ಸಾಧ್ಯತೆ ಕಡಿಮೆ. ಅದು ಕರ್ಪೂರದ ಮತ್ತು ಗಂಧಪುರ ತೈಲದ ಕೆಲಸ. ಗಂಧಪುರ ತೈಲದ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ಇದು ಆಸ್ಪಿರಿನ್ನಿನ ಹತ್ತಿರದ ನಂಟಿನ ರಾಸಾಯನಿಕ. ಅಂಗಡಿಯ ಹಿರಿಯರು ಮಕ್ಕಳ ಬಗ್ಗೆ ಕೊಟ್ಟ ಎಚ್ಚರಿಕೆಗೆ ಗಟ್ಟಿ ಆಧಾರ ಇಲ್ಲಿದೆ. ಶುದ್ಧ ಗಂಧಪುರ ತೈಲದ ಒಂದು ಚಮಚೆಯಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಮಗು ಅದನ್ನು ನುಂಗಿದರೆ ಪ್ರಾಣಕ್ಕೇ ಅಪಾಯ. ಈ ಬಾಟಲಿಯಲ್ಲಿ ಅದು ಸ್ವಲ್ಪ ಪ್ರಮಾಣದಲ್ಲಷ್ಟೇ ಇದ್ದರೂ ಎಷ್ಟು ಎಂದು ಚೀಟಿಯಲ್ಲಿ ಬರೆದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇಂಥ ಎಣ್ಣೆಯನ್ನು ಮೈತುಂಬ ದಿನವೂ ತಿಕ್ಕಿಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು.

ಇನ್ನು ವರದಿ. ದೂರದ ಊರಿನ ಒಂದು ಖಾಸಗಿ ಪ್ರಯೋಗಾಲಯ ಕೊಟ್ಟ ಎರಡು ಪುಟಗಳ ಕಾಗದ ಅದು. ಅಚ್ಚುಕಟ್ಟಾಗಿದೆ, ಸಹಿ ಮತ್ತು ಮೊಹರು ಇವೆ. ಮಾದರಿಯ ವಿವರದಲ್ಲಿ ಬರೆದಿರುವುದು ‘ಗಿಡಮೂಲಿಕೆಗಳ ಮಿಶ್ರ ಪುಡಿ, ಮೆಥನಾಲ್ ಸಾರ’, ಅಂದರೆ ಮೆಥನಾಲ್ ಎಂಬ ದ್ರಾವಕದಲ್ಲಿ ತೆಗೆದ ಸಾರ. ಪರೀಕ್ಷೆಯ ವಿಧಾನ ‘ಮೊಟ್ಟೆಯ ಅಲ್ಬುಮಿನ್ ವಿಕೃತಿಯ ತಡೆ’, ಅಂದರೆ ಮೊಟ್ಟೆಯ ಬಿಳಿಯ ಪ್ರೊಟೀನು ಕೆಡುವುದನ್ನು ತಡೆಯುವುದು. ಹೋಲಿಕೆಗೆ ಬಳಸಿದ ಔಷಧ, ನೋವು ಮತ್ತು ಊತಕ್ಕೆ ವೈದ್ಯರು ಕೊಡುವ ಡೈಕ್ಲೋಫೆನಾಕ್. ಫಲಿತಾಂಶದ ಸಾಲಿನಲ್ಲಿ ಡೈಕ್ಲೋಫೆನಾಕ್‌ಗೆ ಸಮೀಪವಾದ ಒಂದು ಶೇಕಡಾವಾರು ಅಂಕಿಯನ್ನು ಕೊಟ್ಟು ‘ಗಮನಾರ್ಹ ಉರಿಯೂತ ಶಮನ ಚಟುವಟಿಕೆ’ ಎಂದು ಮುಗಿಸಿದ್ದಾರೆ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿರುವುದು ಈ ಸಾಲನ್ನೇ.

ಈ ಪರೀಕ್ಷೆ ಏನೆಂದು ತಿಳಿದರೆ ಅಂಕಿಯ ತೂಕ ತಿಳಿಯುತ್ತದೆ. ಮೊಟ್ಟೆಯ ಬಿಳಿಯನ್ನು ಲವಣದ ದ್ರಾವಣದಲ್ಲಿ ತಿಳಿಗೊಳಿಸಿ, ಅದಕ್ಕೆ ಗಿಡದ ಸಾರವನ್ನು ಬೆರೆಸಿ, 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಬಳಿಕ 70 ಡಿಗ್ರಿ ಸೆಲ್ಸಿಯಸ್‌ಗೆ ಐದು ನಿಮಿಷ ಕಾಯಿಸುತ್ತಾರೆ. ಬಿಸಿಗೆ ಪ್ರೊಟೀನು ಹೆಪ್ಪುಗಟ್ಟಿ ದ್ರಾವಣ ಬೆಳ್ಳಗಾಗುತ್ತದೆ. ಎಷ್ಟು ಕದಡಿತು ಎಂಬುದನ್ನು 660 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸಾರ ಬೆರೆಸಿದ ನಳಿಕೆ ಕಡಿಮೆ ಕದಡಿದ್ದರೆ ಆ ಸಾರ ಪ್ರೊಟೀನಿನ ವಿಕೃತಿಯನ್ನು ತಡೆಯಿತು ಎಂದು ಲೆಕ್ಕ. ಈ ವಿಧಾನದ ಮೂಲ 1968ರಲ್ಲಿ ಮಿಜುಶಿಮಾ ಮತ್ತು ಕೊಬಯಾಶಿ ಅವರು ಪ್ರಕಟಿಸಿದ ಕೆಲಸದಲ್ಲಿದೆ. ಉರಿಯೂತ ತಡೆಯುವ ಕೆಲವು ಔಷಧಗಳು ರಕ್ತದ ಅಲ್ಬುಮಿನ್ ಬಿಸಿಗೆ ಹೆಪ್ಪುಗಟ್ಟುವುದನ್ನೂ ತಡೆಯುತ್ತವೆ ಎಂಬುದನ್ನು ಆಧರಿಸಿ ಬೆಳೆದ ಸೋಸುವಿಕೆಯ ಪರೀಕ್ಷೆ ಅದು. ಪ್ರಾಣಿಗಳು ಬೇಕಿಲ್ಲ, ಜೀವಕೋಶಗಳು ಬೇಕಿಲ್ಲ, ಒಂದು ಮೊಟ್ಟೆ ಮತ್ತು ಒಂದು ವರ್ಣಮಾಪಕ ಸಾಕು. ಆದ್ದರಿಂದಲೇ ನಮ್ಮ ಕಾಲೇಜುಗಳ ವಿದ್ಯಾರ್ಥಿ ಪ್ರಬಂಧಗಳಲ್ಲಿ ಇದು ಇಷ್ಟೊಂದು ಕಾಣುತ್ತದೆ. ನೂರು ಗಿಡಗಳಲ್ಲಿ ಮುಂದಿನ ಪರೀಕ್ಷೆಗೆ ಯಾವ ಹತ್ತನ್ನು ಒಯ್ಯಬೇಕು ಎಂದು ಆರಿಸುವ ಮೊದಲ ಹೆಜ್ಜೆಗೆ ಇದು ಸರಿ. ಮೊಣಕಾಲಿನ ಊತ ಇಳಿಯುತ್ತದೆ ಎಂದು ಗಿರಾಕಿಗೆ ಮಾತು ಕೊಡಲು ಇದು ಸಾಲದು, ಏಕೆಂದರೆ ನಳಿಕೆಯಲ್ಲಿ ಉರಿಯೂತವೇ ಇಲ್ಲ. ಬಿಳಿ ರಕ್ತಕಣವಿಲ್ಲ, ದೇಹದಲ್ಲಿ ಊತ, ನೋವು ತರುವ ಪ್ರೋಸ್ಟಾಗ್ಲಾಂಡಿನ್ ಇಲ್ಲ, ರಕ್ತನಾಳವಿಲ್ಲ. ಆಸ್ಪಿರಿನ್ ಕೆಲಸ ಮಾಡುವುದು ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆ ಹಾದಿಯನ್ನು ಮೊಟ್ಟೆಯ ಬಿಳಿ ಮುಟ್ಟುವುದೂ ಇಲ್ಲ.

ಈ ಮಿಶ್ರಣದ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಪಟ್ಟಿಯಲ್ಲಿ ತಂಗಡಿ ತೊಗಟೆ ಇದೆಯಲ್ಲ, ಅದು ಟ್ಯಾನಿನ್ನಿನ ಕಣಜ. ಚರ್ಮ ಹದ ಮಾಡಲು ನಮ್ಮ ಕಡೆ ತಲೆಮಾರುಗಳಿಂದ ಬಳಸಿದ್ದೇ ಈ ತೊಗಟೆಯನ್ನು. ಚರ್ಮ ಹದವಾಗುವುದು ಎಂದರೆ ಟ್ಯಾನಿನ್ ಅದರ ಪ್ರೊಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದು. ಅದೇ ಟ್ಯಾನಿನ್ ನಳಿಕೆಯೊಳಗಿನ ಮೊಟ್ಟೆಯ ಪ್ರೊಟೀನಿಗೂ ಅಂಟಿಕೊಂಡರೆ ಬರುವ ಅಂಕಿ ಉರಿಯೂತದ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಾರದಲ್ಲಿ ಟ್ಯಾನಿನ್ ಇದೆ ಎಂದಷ್ಟೇ ಹೇಳುತ್ತದೆ. ಸಾರಕ್ಕೆ ತನ್ನದೇ ಗಾಢ ಕಂದು ಬಣ್ಣವಿದ್ದರೆ ಬೆಳಕಿನ ಅಳತೆಯೂ ಹದ ತಪ್ಪುತ್ತದೆ. ಇದನ್ನು ಸರಿಪಡಿಸಲು ಸಾರವನ್ನಷ್ಟೇ ಹಾಕಿದ, ಮೊಟ್ಟೆ ಇಲ್ಲದ ನಳಿಕೆಯನ್ನು ಜೊತೆಗೆ ಅಳೆಯಬೇಕು. ಟ್ಯಾನಿನ್ ತೆಗೆದ ಸಾರದಲ್ಲಿ ಗುಣ ಉಳಿಯುತ್ತದೆಯೇ ಎಂದು ನೋಡಬೇಕು. ವರದಿಯಲ್ಲಿ ಇವೆರಡರ ಪ್ರಸ್ತಾಪವಿಲ್ಲ. ಎಷ್ಟು ಬಾರಿ ಅಳೆದರು, ಅಳತೆಗಳ ನಡುವೆ ಏರಿಳಿತ ಎಷ್ಟಿತ್ತು ಎಂಬುದೂ ಇಲ್ಲ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಇರುವುದು ಮಾದರಿಯ ಬಗ್ಗೆ. ಪರೀಕ್ಷೆಗೆ ಹೋದದ್ದು ಒಣಪುಡಿಯ ಮೆಥನಾಲ್ ಸಾರ. ಗಿರಾಕಿಯ ಕೈಗೆ ಬರುವುದು ಎಳ್ಳೆಣ್ಣೆ. ಮೆಥನಾಲ್ ಹೊರತೆಗೆಯುವ ಫಿನಾಲಿಕ್ ಸಂಯುಕ್ತಗಳು, ಟ್ಯಾನಿನ್‌ಗಳು, ಗ್ಲೈಕೊಸೈಡ್‌ಗಳು ಬಹುಮಟ್ಟಿಗೆ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಎಳೆದುಕೊಳ್ಳುವುದು ಟರ್ಪೀನುಗಳಂಥ ಜಿಡ್ಡಿನಲ್ಲಿ ಕರಗುವ ಅಂಶಗಳನ್ನು. ಅಂದರೆ ವರದಿಯಲ್ಲಿ ಅಂಕಿ ತಂದುಕೊಟ್ಟ ವಸ್ತು ಬಾಟಲಿಯಲ್ಲಿ ಇಲ್ಲದಿರುವ ಸಂಭವವೇ ಹೆಚ್ಚು. ಬಾಟಲಿಯ ಎಣ್ಣೆಯಲ್ಲಿ ಬೇರೆ ಗುಣವಿರಬಹುದು, ಅದು ಒಳ್ಳೆಯ ಗುಣವೇ ಇರಬಹುದು. ಆದರೆ ಅದನ್ನು ಯಾರೂ ಪರೀಕ್ಷಿಸಿಲ್ಲ. ಹೀಗಿರುವಾಗ ‘ಪರೀಕ್ಷಿತ’ ಎಂಬ ಮಾತನ್ನು ಎಣ್ಣೆಯ ಬಾಟಲಿಗೆ ಅಂಟಿಸುವುದು ಸರಿಯಲ್ಲ. ಅಂಗಡಿಯವರಲ್ಲಿ ವಂಚನೆಯ ಉದ್ದೇಶ ನನಗೆ ಕಾಣಲಿಲ್ಲ. ಅವರು ಪ್ರಯೋಗಾಲಯವನ್ನು ನಂಬಿ ಹಣ ಕಟ್ಟಿದ್ದಾರೆ. ಎಣ್ಣೆಗಾಗಿ ಬಂದವರಿಂದ ಪುಡಿಯನ್ನು ತರಿಸಿಕೊಂಡು, ಸುಲಭದ ಪರೀಕ್ಷೆ ಮಾಡಿ, ‘ಗಮನಾರ್ಹ’ ಎಂದು ಬರೆದುಕೊಟ್ಟ ಪ್ರಯೋಗಾಲಯದ ಹೊಣೆಯೇ ಇಲ್ಲಿ ದೊಡ್ಡದು. ಈ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ಎರಡು ಸಾಲು ಬರೆದಿದ್ದರೂ ಸಾಕಿತ್ತು.

ಈ ಗಿಡಗಳು ನಿಷ್ಪ್ರಯೋಜಕ ಎಂದು ಯಾರೂ ತಿಳಿಯಬಾರದು. ಲಕ್ಕಿಯ ಬಲಿತ ತಾಜಾ ಎಲೆಗಳ ನೀರಿನ ಸಾರವನ್ನು ಇಲಿಗಳಿಗೆ ಕುಡಿಸಿ ಊತ ಮತ್ತು ನೋವು ತಗ್ಗುವುದನ್ನು ಶ್ರೀಲಂಕಾದ ಸಂಶೋಧಕರು 2003ರಲ್ಲಿ ವರದಿ ಮಾಡಿದ್ದಾರೆ. ಇಂಥ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ರೂಪಿಸಿದ ಕ್ಯಾರಜೀನನ್ ವಿಧಾನ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ನಿನ ಶೇ 1ರ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಇಲಿಯ ಪಾದಕ್ಕೆ ಚುಚ್ಚಿದರೆ ಪಾದ ಊದಿಕೊಳ್ಳುತ್ತದೆ. ಮೊದಲ ಹಂತದಲ್ಲಿ ಹಿಸ್ಟಮಿನ್ ಮತ್ತು ಸೆರೊಟೋನಿನ್, ಮುಂದಿನ ಗಂಟೆಗಳಲ್ಲಿ ಪ್ರೋಸ್ಟಾಗ್ಲಾಂಡಿನ್‌ಗಳು ಆ ಊತಕ್ಕೆ ಕಾರಣ. ಮುಂಚಿತವಾಗಿ ಔಷಧ ಕೊಟ್ಟ ಇಲಿಯಲ್ಲಿ ಊತ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಇದಕ್ಕೆ ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಬೇಕು, ತರಬೇತಾದ ಕೈ ಬೇಕು, ಹಣವೂ ಬೇಕು. ಇದೂ ಕೊನೆಯ ಮಾತಲ್ಲ. ಗಂಟೆಗಳಲ್ಲಿ ಹುಟ್ಟಿ ಇಳಿಯುವ ಊತಕ್ಕೂ, ವರ್ಷಗಟ್ಟಲೆ ಗದ್ದೆಯಲ್ಲಿ ಬಾಗಿ ನಾಟಿ ಮಾಡಿದ ಗಂಗಾವತಿ, ಸಿಂಧನೂರಿನ ಹೆಣ್ಣುಮಕ್ಕಳ ಮೊಣಕಾಲಿನ ಸವೆತಕ್ಕೂ ಬಹಳ ಅಂತರವಿದೆ.

ಎಕ್ಕೆಯ ಕಥೆ ಇನ್ನೂ ಕುತೂಹಲದ್ದು. ನಮ್ಮ ಮನೆಗಳಲ್ಲಿ ಎಕ್ಕೆಯ ಎಲೆಗೆ ಎಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ ಮೊಣಕಾಲಿಗೆ ಕಟ್ಟುವುದು ವಾಡಿಕೆ. ಮರುಭೂಮಿಯ ಎಕ್ಕೆಯಾದ ಕ್ಯಾಲಟ್ರೊಪಿಸ್ ಪ್ರೊಸೆರಾದ ಒಣಗಿಸಿದ ಹಾಲು ಇಲಿಗಳಲ್ಲಿ ಊತವನ್ನು ತಗ್ಗಿಸುತ್ತದೆ ಎಂಬ ಸಂಶೋಧನೆ ದೆಹಲಿಯಿಂದ 1994ರಲ್ಲಿ ಪ್ರಕಟವಾಯಿತು. ಅದೇ ಹಾಲನ್ನು ನೇರವಾಗಿ ಪಾದಕ್ಕೆ ಚುಚ್ಚಿದರೆ ಅದು ಊತವನ್ನು ಉಂಟುಮಾಡುತ್ತದೆ. ಹಾಗೆ ಊತ ಬರಿಸಿ ಬೇರೆ ಔಷಧಗಳನ್ನು ಪರೀಕ್ಷಿಸುವುದೂ ಇದೆ. ಒಂದೇ ಗಿಡ, ಒಂದೇ ಹಾಲು. ಕೊಟ್ಟ ದಾರಿ ಮತ್ತು ಪ್ರಮಾಣಗಳ ಮೇಲೆ ಫಲ ತಿರುವುಮುರುವು. ಹಸಿ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಪದರವೇ ಕೆಡುತ್ತದೆ ಎಂಬುದು ನೇತ್ರವೈದ್ಯರಿಗೆಲ್ಲ ಗೊತ್ತು. ‘ಎಕ್ಕೆಗೆ ಉರಿಯೂತ ಶಮನ ಗುಣವಿದೆ’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲು ಸಾಧ್ಯವಿಲ್ಲದ್ದು ಇದಕ್ಕೇ.

ಮರುಭೂಮಿಯ ಒಂದು ಗಿಡವನ್ನು ಸರಿಯಾದ ಹಾದಿಯಲ್ಲಿ ಮಾರುಕಟ್ಟೆಗೆ ತಂದದ್ದು ಹೇಗಿರುತ್ತದೆ ಎಂದು ನೋಡಬೇಕಾದರೆ ಆಫ್ರಿಕಾದ ಕಲಹರಿಯ ಡೆವಿಲ್ಸ್ ಕ್ಲಾ ಎಂಬ ಗೆಡ್ಡೆಯನ್ನು ನೋಡಬೇಕು. ಅದರ ಮುಖ್ಯ ಅಂಶ ಹಾರ್ಪಗೊಸೈಡ್ ಎಂದು ಗುರುತಿಸಿ, ದಿನಕ್ಕೆ 50 ಅಥವಾ 100 ಮಿಲಿಗ್ರಾಂ ಹಾರ್ಪಗೊಸೈಡ್ ಸಿಗುವಷ್ಟು ಸಾರವನ್ನು ಅಳತೆ ಮಾಡಿ, ಸೊಂಟನೋವಿನ ರೋಗಿಗಳ ಮೇಲೆ ಹೋಲಿಕೆಯ ಪ್ರಯೋಗಗಳನ್ನು ನಡೆಸಿದ್ದಾರೆ. ಪೆಟ್ಟಿಗೆಯ ಮೇಲೆ ಎಷ್ಟು ಮಿಲಿಗ್ರಾಂ ಎಂದು ಬರೆಯಲು ಅವರಿಗೆ ಸಾಧ್ಯವಾದದ್ದು ಹಾಗೆ. ನಮ್ಮಲ್ಲಿ ಒಣಗುಡ್ಡಗಳಲ್ಲಿ ಬೆಳೆಯುವ ಶಲ್ಲಕಿಯ ಅಂಟಿನಲ್ಲಿರುವ ಬೊಸ್ವೆಲಿಕ್ ಆಮ್ಲಗಳು ಉರಿಯೂತಕ್ಕೆ ಕಾರಣವಾಗುವ 5-ಲಿಪಾಕ್ಸಿಜನೇಸ್ ಎಂಬ ಕಿಣ್ವವನ್ನು ತಡೆಯುತ್ತವೆ ಎಂದು 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ತೋರಿಸಿದ ಮೇಲೆ ಮೊಣಕಾಲಿನ ಸವೆತದ ರೋಗಿಗಳಲ್ಲೂ ಪ್ರಯೋಗಗಳಾಗಿವೆ. ಲಕ್ಕಿಗೂ ಮಂಗರವಳ್ಳಿಗೂ ಇದೇ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ಆಸೆ. ಮಂಗರವಳ್ಳಿಯ ಮೇಲೆ, ಮುರಿದ ಮೂಳೆ ಕೂಡುವ ವಿಷಯದಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲೇ ಕೆಲಸ ನಡೆದಿದೆ.

ಚೂರ್ಣವನ್ನು ನಾನು ಶಿಫಾರಸು ಮಾಡುವುದಿಲ್ಲ. ಎಣ್ಣೆಯ ಬಾಟಲಿಗಿರುವ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇದಕ್ಕಿಲ್ಲ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೈಬರಹದ ಚೀಟಿಯೊಂದಿಗೆ ಕೊಡುತ್ತಾರೆ. ಲಕ್ಕಿ, ನೆಗ್ಗಿಲು, ಅಮೃತಬಳ್ಳಿ, ಶುಂಠಿ, ಗುಗ್ಗುಳ ಇವೆ ಎಂದು ಹೇಳಿದರು. ‘ನೋವು ನಿವಾರಕ ಗಿಡಮೂಲಿಕೆ ಪುಡಿ’ಗಳಲ್ಲಿ ಡೈಕ್ಲೋಫೆನಾಕ್ ಅಥವಾ ಡೆಕ್ಸಾಮೆಥಸೋನಿನಂಥ ಸ್ಟೀರಾಯ್ಡ್ ಬೆರೆಸಿ ಮಾರುವುದು ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿರುವ ಮೋಸವಾದ್ದರಿಂದ, ಕಾಲೇಜಿನಲ್ಲಿ ತೆಳುಪದರ ಕ್ರೊಮ್ಯಾಟೋಗ್ರಫಿಯಿಂದ (ಮಿಶ್ರಣದ ಅಂಶಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ವಿಧಾನ) ಈ ಎರಡನ್ನೂ ಹುಡುಕಿದೆ. ಎರಡರ ಚುಕ್ಕೆಯೂ ಕಾಣಲಿಲ್ಲ. ಇದು ಅಂಗಡಿಯ ಪ್ರಾಮಾಣಿಕತೆಗೆ ಸಾಕ್ಷಿ, ಸಂತೋಷದಿಂದ ಹೇಳುತ್ತೇನೆ. ಆದರೂ ಹಿಂಜರಿಯಲು ಬೇರೆ ಕಾರಣಗಳಿವೆ. ಗುಗ್ಗುಳ ಕೆಲವು ಮಾತ್ರೆಗಳ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳ ವಿಷಯದಲ್ಲಿ ಇದು ದಾಖಲಾಗಿದೆ, ಮತ್ತು ಕೀಲುನೋವಿನ ವಯಸ್ಸಿನವರಲ್ಲಿ ರಕ್ತದೊತ್ತಡ, ಹೃದಯದ ಮಾತ್ರೆ ನುಂಗುವವರು ಬಹಳ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ತೊಂದರೆ ಕಂಡ ಪ್ರಕರಣಗಳನ್ನು ಕೋವಿಡ್ ಕಾಲದಿಂದೀಚೆಗೆ ವೈದ್ಯರು ವರದಿ ಮಾಡಿದ್ದಾರೆ. ಥಾರ್ ಮತ್ತು ಗುಜರಾತಿನ ಒಣನಾಡಿನ ಗುಗ್ಗುಳದ ಗಿಡವಂತೂ ಅಂಟಿಗಾಗಿ ಕೊಯ್ದು ಕೊಯ್ದು ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯಗಳ ಪಟ್ಟಿ ಸೇರಿದೆ. ಅಸಲಿ ಗುಗ್ಗುಳ ಇಷ್ಟು ಅಗ್ಗವಾಗಿ ಸಿಗುವುದೇ ಅನುಮಾನ.

ಪ್ರಮಾಣದ ಲೆಕ್ಕವನ್ನೂ ಹಾಕಿ ನೋಡಬೇಕು. ಇಲಿಗಳ ಮೇಲಿನ ಪ್ರಬಂಧಗಳಲ್ಲಿ ಗಿಡದ ಸಾರವನ್ನು ದೇಹತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂನಷ್ಟು ಕೊಡುವುದು ಸಾಮಾನ್ಯ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು 0.162ರಿಂದ ಗುಣಿಸುವ ರೂಢಿಯಿದೆ. ಆಗ ಕಿಲೋಗೆ ಸುಮಾರು 65 ಮಿಲಿಗ್ರಾಂ, 60 ಕಿಲೋ ತೂಕದವರಿಗೆ ಸುಮಾರು 3.9 ಗ್ರಾಂ ಸಾರ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 39 ಗ್ರಾಂ ಒಣ ಎಲೆ ತಿನ್ನಬೇಕು. ಅಂಗಡಿಯವರು ಹೇಳುವುದು ಬೆಳಿಗ್ಗೆ, ರಾತ್ರಿ ಒಂದೊಂದು ಸಣ್ಣ ಚಮಚೆ, ಅದರಲ್ಲೂ ಐದು ಮೂಲಿಕೆಗಳ ಮಿಶ್ರಣ. ಇಲಿಯಲ್ಲಿ ಕಂಡ ಫಲವನ್ನು ಈ ಚಮಚೆಯಿಂದ ನಿರೀಕ್ಷಿಸಲಾಗದು. ಪ್ರಮಾಣ ಏರಿಸಿದರೆ ಯಕೃತ್ತಿನ ಚಿಂತೆ ಬರುತ್ತದೆ.

ಹೊಟ್ಟೆಗೆ ಹೋಗುವ ಸರಕಿನಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಭಾರಲೋಹಗಳ ಪರೀಕ್ಷೆ, ಅದನ್ನೇ ಮಾಡಿಸಿಲ್ಲ. ಗಿಡಮೂಲಿಕೆಗಳಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಮೀರಬಾರದು ಎಂಬ ಮಿತಿಯಿದೆ. ಸಂಡೂರು, ಹೊಸಪೇಟೆ ರಸ್ತೆಯ ಅಂಚಿನ ಪೊದೆಗಳ ಮೇಲೆ ಅದಿರಿನ ಲಾರಿಗಳ ಕೆಂಧೂಳು ಕೂತಿರುವುದನ್ನು ನೋಡದವರಿಲ್ಲ. ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳ ಬದುವಿನಲ್ಲಿ ಬೆಳೆದ ಸೊಪ್ಪಿಗೆ ಕೀಟನಾಶಕದ ಸೋಂಕೂ ಇರಬಹುದು. ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದಾಗ ‘ಗುಡ್ಡದ ಕಡೆಯಿಂದ ತರತಾರ್ರಿ’ ಎಂಬಷ್ಟೇ ಉತ್ತರ ಸಿಕ್ಕಿತು. ಡಬ್ಬದ ಮೇಲೆ ತಿಂಗಳನ್ನು ಬರೆಯುವ ಇವರಿಗೆ ಸ್ಥಳವನ್ನು ಬರೆಯುವುದು ಕಷ್ಟವಾಗಲಾರದು. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ, ಒಂದು ಗುಡ್ಡದ ಗಿಡಕ್ಕೂ ಇನ್ನೊಂದರದ್ದಕ್ಕೂ ಒಳಗಿನ ಅಂಶಗಳಲ್ಲಿ ವ್ಯತ್ಯಾಸ ಬರುವುದರಿಂದ ಒಮ್ಮೆ ಮಾಡಿಸಿದ ಪರೀಕ್ಷೆ ಮುಂದಿನ ಎಲ್ಲ ಬ್ಯಾಚುಗಳಿಗೂ ಅನ್ವಯಿಸುವುದಿಲ್ಲ.

ಇದನ್ನೆಲ್ಲ ಅಂಗಡಿಯ ಹಿರಿಯರಿಗೂ ಅವರ ಮಗನಿಗೂ ಕೂತು ವಿವರಿಸಿದೆ. ಮುಂದಿನ ಸಲ ಹಣ ಕಟ್ಟುವುದಾದರೆ ಮೊದಲು ಭಾರಲೋಹ ಮತ್ತು ಶಿಲೀಂಧ್ರದ ವಿಷದ ಪರೀಕ್ಷೆ, ಆಮೇಲೆ ಬಾಟಲಿಯ ಎಣ್ಣೆಯನ್ನೇ ಕಳುಹಿಸಿ ಲಕ್ಕಿಯ ಗುರುತಿನ ಅಂಶಗಳು ಅದರಲ್ಲಿ ಇವೆಯೇ ಎಂದು ತೋರಿಸುವ ಎಚ್‌ಪಿಟಿಎಲ್‌ಸಿ ಪರೀಕ್ಷೆ, ಅದೂ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆಯಿರುವ ಪ್ರಯೋಗಾಲಯದಲ್ಲಿ ಮಾಡಿಸಿ ಎಂದೆ. ಉರಿಯೂತದ ಪರೀಕ್ಷೆಯನ್ನು ಕಾಲೇಜೊಂದರ ಜೊತೆ ಸೇರಿ ಮಾಡಬಹುದು. ಊರಿನಲ್ಲೇ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ಮಗ ಎಲ್ಲವನ್ನೂ ಬರೆದುಕೊಂಡರು. ಚೀಟಿಯ ಮಾತನ್ನು ತೆಗೆಯುತ್ತೇವೆ ಎಂದು ಮಾತು ಕೊಡಲಿಲ್ಲ, ಅಚ್ಚು ಹಾಕಿಸಿದ ಚೀಟಿಗಳು ಇನ್ನೂ ಬಹಳ ಉಳಿದಿವೆ ಎಂದರು.

ಎಣ್ಣೆಯನ್ನು ತಿಕ್ಕಿಕೊಳ್ಳುವ ಹಿತಕ್ಕಾಗಿ ಕೊಳ್ಳುವವರಿಗೆ ಅದು ಶುಚಿಯಾಗಿ, ಹದವಾಗಿ ತಯಾರಾದ ಒಳ್ಳೆಯ ಎಣ್ಣೆ. ಆದರೆ 180 ರೂಪಾಯಿಯದ್ದು, 280ರದ್ದಲ್ಲ. ಕೀಲು ಕೆಂಪಾಗಿ ಬಿಸಿಯಾಗಿದ್ದರೆ, ಜ್ವರವಿದ್ದರೆ, ಬೆಳಗಿನ ಹೊತ್ತು ಬೆರಳುಗಳು ಬಹಳ ಹೊತ್ತು ಬಿಗಿದಿರುತ್ತಿದ್ದರೆ ಎಣ್ಣೆಯ ಮೇಲೆ ನೆಚ್ಚದೆ ಆಸ್ಪತ್ರೆಗೆ ಹೋಗಬೇಕು. ಆಮವಾತವನ್ನು (ರುಮಟಾಯ್ಡ್ ಸಂಧಿವಾತ) ಬೇಗ ಹಿಡಿದರೆ ಬೆರಳುಗಳು ಸೊಟ್ಟಗಾಗುವುದನ್ನು ತಡೆಯಬಹುದು. ಮನೆಯಲ್ಲೇ ಎಣ್ಣೆ ಕಾಯಿಸುವ ಅಭ್ಯಾಸವಿದ್ದವರು ಇಲ್ಲಿ ಬಿಡಿಯಾಗಿ ಸಿಗುವ ಲಕ್ಕಿ ಎಲೆಯನ್ನು ಧೈರ್ಯವಾಗಿ ಕೊಳ್ಳಬಹುದು. ಮಳೆಗಾಲ ಮುಗಿದ ಮೇಲೆ ದೀಪಾವಳಿಯ ಹೊತ್ತಿಗೆ ಹೊಸ ಎಲೆ ಬರುತ್ತದೆ, ಡಬ್ಬದ ಮೇಲಿನ ತಿಂಗಳನ್ನು ನೋಡಿ ತೆಗೆದುಕೊಳ್ಳಿ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ದೂರದಿಂದ ಬರುವವರು ಬೆಳಿಗ್ಗೆಯೇ ಬರುವುದು ಒಳ್ಳೆಯದು, ಆಗ ಹಿರಿಯರೇ ಗಲ್ಲೆಯಲ್ಲಿ ಕೂತಿರುತ್ತಾರೆ ಮತ್ತು ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಾರೆ.